ಲ್ಯಾಂಡ್‌ಮಾಸ್ಟರಿನ ಎರಡು ರೆಕ್ಕೆ

ಹಳೆ ಕಾರಿನ ಹುಚ್ಚು ಹಿಡಿದವರು ನನ್ನ ಶೆಡ್ಡಿಗೆ ಬರುವುದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಆ ಹೊತ್ತಿಗೆ ನನಗೆ ಬೇಕಾಗಿರುವುದು ಒಂದು ಚಾಪೆ, ಯಾರೂ ಮಾತಾಡಿಸದ ಎರಡು ಗಂಟೆ, ಇಷ್ಟೇ. ಆರು ದಿನ ತಗಡು ಬಡಿದವನು ಏಳನೆಯ ದಿನ ಕೂತು ತಗಡಿನ ಮೇಲೆ ಭಾಷಣ ಕೇಳಬೇಕೆಂದರೆ ಅದು ಯಾವ ಜನ್ಮದ ಶಿಕ್ಷೆಯೋ. ಆದರೂ ಬಂದವರನ್ನು ಹೋಗಿ ಅನ್ನಲಾಗುವುದಿಲ್ಲ. ಸ್ಟೂಲು ಎಳೆದು ಹಾಕುತ್ತೇನೆ, ಎದುರಿನ ಹೋಟೆಲಿಗೆ ನಾಲ್ಕು ಕಾಫಿ ಅಂತ ಕೂಗುತ್ತೇನೆ.

ಸಕಲೇಶಪುರದಲ್ಲಿ ಹೇಮಾವತಿ ಸೇತುವೆ ದಾಟಿ ಸ್ವಲ್ಪ ಮುಂದೆ ಹೋದರೆ ನಮ್ಮ ಶೆಡ್ಡು. ನಾನು ಟಿಂಕರ್. ಎಂಜಿನ್ನಿಗೂ ನನಗೂ ಸಂಬಂಧವಿಲ್ಲ. ಗುದ್ದಿಸಿಕೊಂಡು, ಉರುಳಿಸಿಕೊಂಡು ಬಂದ ಗಾಡಿಯ ಮೈಯನ್ನು ಮತ್ತೆ ಮೊದಲಿನ ಹಾಗೆ ಮಾಡುವುದು ನನ್ನ ಕೆಲಸ. ನಮ್ಮ ಅಬ್ಬ ಮಾಡುತ್ತಿದ್ದದ್ದೂ ಇದನ್ನೇ, ಇದೇ ಶೆಡ್ಡಿನಲ್ಲಿ. ನಲವತ್ತೈದು ವರ್ಷ ಸುತ್ತಿಗೆ ಸದ್ದು ಕೇಳಿ ನನ್ನ ಬಲಗಿವಿ ಅರ್ಧ ಹೋಗಿದೆ, ಎಡ ಮಂಡಿ ಪೂರ್ತಿ ಹೋಗಿದೆ. ಈಗ ಬರುವ ಕೆಲಸಕ್ಕೆ ಸುತ್ತಿಗೆಯೂ ಬೇಡ. ರೆಸಾರ್ಟಿಗೆ ಬಂದವರು ತಿರುವಿನಲ್ಲಿ ಬಂಪರ್ ಒಡೆದುಕೊಂಡು ಬರುತ್ತಾರೆ. ಪ್ಲಾಸ್ಟಿಕ್ಕು. ಬಿಚ್ಚು, ಎಸೆ, ಹೊಸದು ಹಾಕು. ಇದನ್ನು ಟಿಂಕರಿಂಗ್ ಅನ್ನುವುದಾದರೆ ಬಳೆ ತೊಡಿಸುವುದೂ ಟಿಂಕರಿಂಗೇ.

ಭಾನುವಾರದ ಆ ಗುಂಪಿನಲ್ಲಿ ಇರುವುದು ಮೂರೇ ಜನ. ಒಬ್ಬರು ಹೆತ್ತೂರು ಕಡೆಯ ತೋಟದ ಗೌಡರು. ಕಾಫಿ ಮಾರಿ ಬಂದದ್ದನ್ನು ಹಳೆ ಕಾರಿಗೆ ಸುರಿಯುತ್ತಾರೆಂದು ಅವರ ಮನೆಯವರೇ ಊರೆಲ್ಲ ಹೇಳಿಕೊಂಡು ಬಂದಿದ್ದಾರೆ. ಇನ್ನೊಬ್ಬರು ಹಾಸನದಿಂದ ಬರುವ ಮೇಷ್ಟ್ರು, ಕಾಲೇಜಿನಿಂದ ನಿವೃತ್ತರಾದವರು. ಕಂಕುಳಲ್ಲಿ ಯಾವಾಗಲೂ ಒಂದು ದಪ್ಪ ಫೈಲು. ಯಾವ ಕಾರು ಯಾವ ವರ್ಷ ಬಂತು, ಅದರ ದೀಪ ದುಂಡಗೋ ಉದ್ದವೋ, ಎಲ್ಲ ಅದರಲ್ಲಿದೆ. ಮೂರನೆಯವರು ಆಲೂರಿನ ದನದ ಡಾಕ್ಟರು. ಅವರ ಹತ್ತಿರ ಕಾರೂ ಇಲ್ಲ, ಫೈಲೂ ಇಲ್ಲ. ಬೇರೆಯವರ ಜಗಳ ನೋಡಲು ಬರುವವರು. ನನಗೆ ಮೂವರಲ್ಲಿ ಇಷ್ಟವಾದವರು ಅವರೇ.

ಮೂರು ವರ್ಷದಿಂದ ಇವರ ಚರ್ಚೆ ಕೇಳುತ್ತಿದ್ದೇನೆ. ಅಂಬಾಸಿಡರಿನ ಮುಖ ಚೆಂದವೋ, ಹೆರಾಲ್ಡಿನ ಮುಖ ಚೆಂದವೋ ಅಂತ ಒಂದು ಇಡೀ ಮಳೆಗಾಲ ಕಳೆದರು. ಗಾಡಿಯ ಹಿಂಭಾಗ ನೋಡಿದರೆ ಮಾಡಿದವನ ಸ್ವಭಾವ ಗೊತ್ತಾಗುತ್ತದೆ ಅನ್ನುವುದು ಮೇಷ್ಟ್ರ ವಾದ. ಹಸುವಿಗೂ ಅದೇ ಲಕ್ಷಣ ಅಂತ ಡಾಕ್ಟರು. ನಾನು ಮೂಲೆಯಲ್ಲಿ ಕೂತು ಮಂಡಿಗೆ ಎಣ್ಣೆ ತಿಕ್ಕುತ್ತಿರುತ್ತೇನೆ. ಅಭಿಪ್ರಾಯ ಕೇಳಿದರೆ ಎರಡೂ ಚೆನ್ನಾಗಿದೆ ಅನ್ನುತ್ತೇನೆ.

ಹೋದ ವರ್ಷ ಮಳೆ ಬಿಟ್ಟ ಮೇಲೆ ಒಂದು ದಿನ ಗೌಡರು ಲಾರಿಯ ಮೇಲೆ ಒಂದು ಕಾರು ಹೇರಿಸಿಕೊಂಡು ಬಂದರು. ವನಗೂರಿನ ಹತ್ತಿರ ಯಾವುದೋ ಎಸ್ಟೇಟ್ ಕೈ ಬದಲಾಗಿತ್ತು. ಸ್ಟೋರಿನ ಹಿಂದೆ, ಗೋಣಿಚೀಲದ ರಾಶಿಯಡಿ ಈ ಕಾರು ಸಿಕ್ಕಿತಂತೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ, ಈ ಕಡೆ ಸಿಕ್ಕಿದ ಹಳೆ ಗಾಡಿ ಕೊನೆಗೆ ನನ್ನ ಶೆಡ್ಡಿಗೇ ಬರಬೇಕು. ಲಾರಿಯಿಂದ ಹಿಮ್ಮುಖವಾಗಿ ಇಳಿಸುತ್ತಿದ್ದರು. ಹಿಂದಿನ ಮಡ್‌ಗಾರ್ಡುಗಳು ಮೊದಲು ಕಂಡವು. ನಾನು ಎಣ್ಣೆ ಶೀಶೆ ಕೆಳಗಿಟ್ಟು ಎದ್ದು ನಿಂತೆ.

ಆ ಮಡ್‌ಗಾರ್ಡುಗಳು ನಮ್ಮ ಅಬ್ಬ ಮಾಡಿದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗಾಗ ಹದಿನೆಂಟು. ಶಾಲೆ ಬಿಟ್ಟು ಅಬ್ಬನ ಜೊತೆ ಪೂರ್ತಿ ಕೆಲಸಕ್ಕೆ ನಿಂತಿದ್ದೆ. ಒಂದು ಮೇ ತಿಂಗಳ ಗಾಳಿಮಳೆಯಲ್ಲಿ ಆ ಎಸ್ಟೇಟಿನ ಅಂಗಳದಲ್ಲಿ ಸಿಲ್ವರ್ ಓಕ್ ಮರವೊಂದು ಕಾರಿನ ಹಿಂಭಾಗದ ಮೇಲೆ ಬಿತ್ತು. ಡಿಕ್ಕಿ ಹೇಗೋ ಉಳಿಯಿತು, ಎರಡು ಬದಿಯ ಮಡ್‌ಗಾರ್ಡು ಹಪ್ಪಳವಾಗಿದ್ದವು. ಕಾರು ಲ್ಯಾಂಡ್‌ಮಾಸ್ಟರ್. ಅಂಬಾಸಿಡರ್ ಬರುವ ಮುಂಚೆ ಬಂದಿದ್ದು, ಆಗಲೇ ಹಳೆಯದು, ಅದರ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಎಸ್ಟೇಟಿನಲ್ಲಿ ಮದುವೆ, ಹತ್ತು ದಿನವಿತ್ತು. ಹುಡುಗಿ ಆ ಕಾರಿನಲ್ಲೇ ಹೋಗಬೇಕು ಅಂತ ಯಜಮಾನರ ಹಟ.

ಅಬ್ಬ ಒಂಬತ್ತು ದಿನದಲ್ಲಿ ಎರಡೂ ಮಡ್‌ಗಾರ್ಡನ್ನು ಕೈಯಲ್ಲೇ ಮಾಡಿದ. ತಗಡಿಗೆ ಅದೇ ಎಸ್ಟೇಟಿನ ಗುಜರಿ ವ್ಯಾನಿನ ಮೈ ಕತ್ತರಿಸಿದ. ಲ್ಯಾಂಡ್‌ಮಾಸ್ಟರಿನ ಹಿಂಭಾಗ ದುಂಡಗೆ, ಇಡ್ಲಿ ಉಬ್ಬಿದ ಹಾಗೆ. ಆ ಉಬ್ಬು ಎರಡು ಬದಿಗೂ ಒಂದೇ ಸಮ ಬರಬೇಕಾದರೆ ಮೆಷಿನ್ ಬೇಕು. ನಮ್ಮ ಹತ್ತಿರ ಇದ್ದದ್ದು ಮರದ ಸುತ್ತಿಗೆ, ಒಂದು ಮರಳು ಚೀಲ. ಹಾಗಾಗಿ ಅಬ್ಬ ಉಬ್ಬು ಬಿಟ್ಟು ಮಡಿಕೆ ಹಿಡಿದ. ಬಾಗಿಲಿನ ಹಿಂದೆ ಸಣ್ಣಗೆ ಶುರುವಾಗುವ ಒಂದು ಮಡಿಕೆ, ಮೆಲ್ಲಗೆ ಏರುತ್ತಾ ಏರುತ್ತಾ ಹೋಗಿ ಹಿಂದಿನ ದೀಪದ ಮೇಲೆ ರೆಕ್ಕೆಯ ಹಾಗೆ ನಿಲ್ಲುತ್ತಿತ್ತು. ಮಡಿಸಿದ ತಗಡು ಗಟ್ಟಿ, ಅಲುಗುವುದಿಲ್ಲ, ಎಡ ಬಲ ಅಳತೆ ಹಿಡಿಯುವುದೂ ಸುಲಭ. ಚೆಂದಕ್ಕೆ ಮಾಡಿದ್ದಲ್ಲ. ಆದರೆ ಚೆಂದವಾಗಿತ್ತು. ಬಣ್ಣ ಹೊಡೆದ ಮೇಲೆ ಅಬ್ಬ ಬೀಡಿ ಹಚ್ಚಿಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದ. ಆತ ತನ್ನ ಕೆಲಸವನ್ನು ಹಾಗೆ ನೋಡಿದ್ದು ನಾನು ಕಂಡಿದ್ದು ಅದೊಂದೇ ಸಲ.

ಅಬ್ಬನಿಗೆ ಒಂದು ಪದ್ಧತಿಯಿತ್ತು. ಗಾಡಿ ಒಪ್ಪಿಸುವಾಗ ಮಾಲೀಕನಿಗೆ ಕಣ್ಣು ಮುಚ್ಚಿಸುತ್ತಿದ್ದ. ಎಡಗೈಯನ್ನು ರಿಪೇರಿಯಾದ ಜಾಗದ ಮೇಲೆ ಆಡಿಸಲು ಹೇಳುತ್ತಿದ್ದ. ಎಡಗೈ ಯಾಕೆಂದರೆ ಅದಕ್ಕೆ ದಡ್ಡು ಕಟ್ಟಿರುವುದಿಲ್ಲ, ಕೂದಲೆಳೆಯಷ್ಟು ಏರುಪೇರಿದ್ದರೂ ಹಿಡಿಯುತ್ತದೆ. "ಎಲ್ಲಿಗೆ ಕಂಪನೀದು ಮುಗೀತು, ಎಲ್ಲಿಂದ ನಂದು ಶುರುವಾಯ್ತು, ಹೇಳಿ ನೋಡಾಣ" ಅನ್ನುತ್ತಿದ್ದ. ಮಾಲೀಕ ಗೊತ್ತಾಗಲಿಲ್ಲ ಅಂದರೆ ಮಾತ್ರ ಕೀಲಿ ಕೈಗೆ ಕೊಡುತ್ತಿದ್ದ. ಟಿಂಕರನ ಕೆಲಸ ಕಣ್ಣಿಗೆ ಬಿತ್ತು ಅಂದರೆ ಅದು ಕೆಲಸವೇ ಅಲ್ಲ, ಇದು ಆತನ ಮಾತು. ಹಾಗೆ ಕಾಣದ ಹಾಗೆ ಕೆಲಸ ಮಾಡಿ ಮಾಡಿಯೇ ಹೋದ. ಆತ ಕೈ ಹಾಕಿದ ಬಸ್ಸು, ಜೀಪು, ಲಾರಿ ಯಾವುದೂ ಈಗ ಉಳಿದಿಲ್ಲ. ಎಲ್ಲ ಗುಜರಿ ಸೇರಿವೆ. ಉಳಿದಿದ್ದದ್ದು ಈ ಎರಡು ರೆಕ್ಕೆ, ಅದೂ ಉಳಿದಿವೆ ಅನ್ನುವುದು ಲಾರಿಯಿಂದ ಇಳಿಯುವ ತನಕ ನನಗೆ ಗೊತ್ತಿರಲಿಲ್ಲ.

ಗೌಡರಿಗೆ ನಾನು ಏನೂ ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಕಾಣಲಿಲ್ಲ. ಕಾಣದ ಹಾಗೆ ಮಾಡಿದವನ ಕೆಲಸವನ್ನು ಕಾಣದ ಹಾಗೇ ಇರಲು ಬಿಡೋಣ ಅಂದುಕೊಂಡೆ. ತುಕ್ಕು ಬಿಡಿಸಿ, ಬಣ್ಣ ಹೊಡೆದು ಕೊಟ್ಟರೆ ಇನ್ನೂ ಐವತ್ತು ವರ್ಷ ಆ ರೆಕ್ಕೆಗಳು ಓಡಾಡಿಕೊಂಡಿರುತ್ತವೆ. ನನಗೆ ಅಷ್ಟೇ ಬೇಕಿತ್ತು.

ಆದರೆ ಭಾನುವಾರ ಬಂತಲ್ಲ.

ಮೇಷ್ಟ್ರು ಕಾರಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. ಬಾನೆಟ್ಟಿನ ಎರಡು ಬದಿ ಅಂಬಾಸಿಡರಿನ ಹಾಗೆ ತೋಡು ಇಲ್ಲ, ಆದ್ದರಿಂದ ಲ್ಯಾಂಡ್‌ಮಾಸ್ಟರ್ ಅಂದರು. ಹಿಂದೆ ಹೋದರು, ರೆಕ್ಕೆ ಇದೆ, ಆದ್ದರಿಂದ ಅಂಬಾಸಿಡರ್ ಅಂದರು. ಮತ್ತೆ ಮುಂದೆ ಬಂದರು. ಎಂಜಿನ್ ಪಕ್ಕದ ನಂಬರ್ ಪಟ್ಟಿಯನ್ನು ತುಕ್ಕು ತಿಂದಿತ್ತು, ಅದರಿಂದ ಸಹಾಯವಾಗಲಿಲ್ಲ. ಫೈಲಿನ ಹಾಳೆ ತಿರುವಿದರು. ಅಂಬಾಸಿಡರಿನ ರೆಕ್ಕೆ ಇಷ್ಟು ಉದ್ದ ಬರುವುದಿಲ್ಲ, ಇಷ್ಟು ಚೂಪೂ ಇಲ್ಲ. ಯಾವ ಚಿತ್ರಕ್ಕೂ ಇದು ಹೊಂದಲಿಲ್ಲ. ಅವರ ಮುಖ ಕೆಂಪಾಗತೊಡಗಿತು.

"ಗೌಡ್ರೇ, ಇದು ಎರಡರ ನಡುವಿನ ಗಾಡಿ," ಅಂದರು ಕೊನೆಗೆ. "ಹೊಸ ಮಾಡೆಲ್ ಬಿಡೋಕೆ ಮುಂಚೆ ಫ್ಯಾಕ್ಟರೀಲಿ ಒಂದೋ ಎರಡೋ ಟ್ರಯಲ್‌ಗೆ ಮಾಡಿರ್ತಾರೆ. ಅದರಲ್ಲಿ ಒಂದು ಹ್ಯಾಗೋ ಈ ಕಾಡು ಸೇರಿದೆ. ಇದು ದೇಶದಲ್ಲೇ ಒಂದೇ ಇರಬೇಕು."

ಗೌಡರು ಕೈಯಲ್ಲಿದ್ದ ಕಾಫಿ ಲೋಟ ಬಾನೆಟ್ಟಿನ ಮೇಲಿಟ್ಟರು, ಆಮೇಲೆ ಬಾನೆಟ್ಟಿಗೆ ಅಪಚಾರವಾಯಿತೆಂಬಂತೆ ತೆಗೆದು ನನ್ನ ಕೈಗೆ ಕೊಟ್ಟರು. "ನಿಜವಾಗ್ಲೂ ಏನ್ ಮೇಷ್ಟ್ರೇ? ನಾನು ಗುಜರಿ ಅಂದ್ಕಂಡು ಎತ್ಕಂಡ್ ಬಂದ್ರೆ!"

"ನೀವು ನಿಧಿ ತಂದಿದ್ದೀರಿ."

ಅಲ್ಲಿಂದ ಶುರುವಾದದ್ದು ನಾಲ್ಕು ಭಾನುವಾರ ನಡೆಯಿತು. ಆ ಮಡಿಕೆ ಬಾಗಿಲಿನ ಹಿಡಿಯ ಎತ್ತರದಲ್ಲೇ ಯಾಕೆ ಶುರುವಾಗಬೇಕು? ನೋಡುವವನ ಕಣ್ಣು ಮುಂದಿನಿಂದ ಹಿಂದಕ್ಕೆ ಜಾರಲಿ ಅಂತ, ಇದು ಮೇಷ್ಟ್ರ ಉತ್ತರ. ನಿಜವಾಗಿ ಅಲ್ಲಿಯ ತನಕ ಮಾತ್ರ ವ್ಯಾನಿನ ತಗಡು ಸಾಕಾಗಿತ್ತು. ತುದಿಯಲ್ಲಿ ಒಂದು ಬೆರಳಿನಷ್ಟು ಒಳಕ್ಕೆ ಬಾಗಿದೆಯಲ್ಲ, ಅದು? ಅದು ಧೈರ್ಯ, ನಿಂತ ಗಾಡಿಯೂ ಓಡುವ ಹಾಗೆ ಕಾಣಿಸುವ ತಂತ್ರ. ನಿಜವಾಗಿ ಕಾರು ನಿಲ್ಲಿಸುತ್ತಿದ್ದ ಸ್ಟೋರಿನ ಬಾಗಿಲು ಇಕ್ಕಟ್ಟು, ತಗುಲದಿರಲಿ ಅಂತ ಎಸ್ಟೇಟಿನ ಡ್ರೈವರ್ ಅಬ್ಬನನ್ನು ಕೇಳಿಕೊಂಡಿದ್ದ. ಡಾಕ್ಟರಿಗೆ ರೆಕ್ಕೆ ಸ್ವಲ್ಪ ಅತಿಯಾಯಿತು ಅನ್ನಿಸಿತ್ತು. ಆಗ ಮೇಷ್ಟ್ರು ಅವರನ್ನು ಅರ್ಧ ಗಂಟೆ ಬೈದರು. ನಾನು ಬಾಯಿಗೆ ಬೀಗ ಹಾಕಿಕೊಂಡು ತುಕ್ಕು ಉಜ್ಜುತ್ತಿದ್ದೆ. ಸುಳ್ಳು ಹೇಳುವುದಿಲ್ಲ, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಬೀಡಿ ಸೇದಿಕೊಂಡು ಸತ್ತ ಒಬ್ಬ ಟಿಂಕರನ ಬಗ್ಗೆ ಇಷ್ಟು ಓದಿದವರು ಇಷ್ಟು ದೊಡ್ಡ ಮಾತು ಆಡುತ್ತಿದ್ದಾರಲ್ಲ ಅಂತ. ಹೀಗೇ ಇದ್ದುಬಿಟ್ಟಿದ್ದರೆ ಎಲ್ಲ ಸರಿಹೋಗುತ್ತಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದನ್ನು ಬಣ್ಣದ ಕೆಲಸ ಮಾಡುವ ನಾನೇ ಮರೆತೆ.

ನಾಲ್ಕನೆಯ ಭಾನುವಾರ. ನನಗೆ ಹಿಂದಿನ ದಿನದಿಂದ ಮೈ ಬಿಸಿಯಿತ್ತು. ಮಂಡಿ ಊದಿತ್ತು. ಮೇಷ್ಟ್ರು ರೆಕ್ಕೆಯ ಮೇಲೆ ಬೆರಳು ಆಡಿಸುತ್ತಾ ಹೇಳಿದರು:

"ಇದರ ಹಿಂದೆ ಇಟಲಿಯ ಕೈ ಇದೆ ಗೌಡ್ರೇ. ಬರೆದು ಕೊಡ್ತೀನಿ ಬೇಕಾದ್ರೆ. ಈ ಗೆರೆ ನೋಡಿ, ಇದು ನಮ್ಮ ಕಡೆ ಸುತ್ತಿಗೆ ಹೊಡಿಯೋರ ತಲೆಗೆ ಹೊಳಿಯೋದಲ್ಲ."

ಅಷ್ಟು ಹೇಳಿ ನನ್ನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ ಸಾಬ್ರೇ," ಅಂದರು.

ತಪ್ಪು ತಿಳಿದುಕೊಳ್ಳಬೇಡಿ ಅನ್ನದೇ ಇದ್ದಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಸಿಟ್ಟು ನೆತ್ತಿಗೇರಿತು. ತುಕ್ಕು ಉಜ್ಜುತ್ತಿದ್ದ ಉಪ್ಪುಕಾಗದ ನೆಲಕ್ಕೆ ಬಿಸಾಕಿ, "ಗೌಡ್ರೇ, ಆ ಡಿಕ್ಕಿ ತೆಗೀರಿ," ಅಂದೆ. "ಎಡಗಡೆ ಹಲಗೆ ಎತ್ತಿ. ಡಾಕ್ಟ್ರೇ, ನಿಮ್ಮ ಮೊಬೈಲ್ ಟಾರ್ಚ್ ಒಳಗೆ ಬಿಡಿ. ಮಡ್‌ಗಾರ್ಡಿನ ಒಳಮೈ ನೋಡಿ."

ಮೂವರೂ ಡಿಕ್ಕಿಯೊಳಗೆ ತಲೆ ಹಾಕಿದರು. ವ್ಯಾನಿನ ತಗಡಿನ ಬಣ್ಣದ ಮೈಯನ್ನು ಅಬ್ಬ ಒಳಗಡೆಗೆ ತಿರುಗಿಸಿದ್ದ. ಬಣ್ಣ ಇದ್ದರೆ ತುಕ್ಕು ಬೇಗ ಹಿಡಿಯುವುದಿಲ್ಲ ಅಂತ. ವ್ಯಾನು ಹಸಿರು, ಅದರ ಮೇಲೆ ಹಳದಿ ಬಣ್ಣದಲ್ಲಿ ಎಸ್ಟೇಟಿನ ಹೆಸರು ಬರೆಸಿದ್ದರು. ಮಡಿಕೆಯ ಕೆಳಗೆ, ಅಂಗೈಯಷ್ಟು ದೊಡ್ಡದಾಗಿ, ಅರ್ಧ ತುಂಡಾದ ಕನ್ನಡ ಅಕ್ಷರ ಎರಡು ಈಗಲೂ ಇದ್ದವು.

ಮೇಷ್ಟ್ರು ಕೈ ಚಾಚಿ ಆ ಅಕ್ಷರಗಳನ್ನು ಉಗುರಿನಲ್ಲಿ ಕೆರೆದು ನೋಡಿದರು.

"ಅಲ್ಲ ಮೇಷ್ಟ್ರೇ," ಅಂದರು ಡಾಕ್ಟರು ಡಿಕ್ಕಿಯೊಳಗಿಂದಲೇ, "ಇಟಲೀಲೂ ಕನ್ನಡ ಐತಾ?"

ಡಾಕ್ಟರು ನಗುವುದಕ್ಕೆ ಶುರು ಮಾಡಿದವರು ನಿಲ್ಲಿಸಲಿಲ್ಲ. ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ನಾನು ಎಲ್ಲವನ್ನೂ ಹೇಳಿದೆ. ಮರ ಬಿದ್ದದ್ದು, ಮದುವೆ, ಒಂಬತ್ತು ದಿನ, ಉಬ್ಬು, ಮಡಿಕೆ. ಅಬ್ಬ ತೀರಿಕೊಂಡು ಇಷ್ಟು ವರ್ಷಕ್ಕೆ ಆತನ ಕೆಲಸ ಆತನದು ಅಂತ ಮೊದಲ ಸಲ ನಾಲ್ಕು ಜನರ ಮುಂದೆ ಹೇಳಿದ್ದೆ. ಹೆಮ್ಮೆಯಾಯಿತು. ಅದು ಎಷ್ಟು ಹೊತ್ತಿನ ಹೆಮ್ಮೆ ಅಂದರೆ, ಮೇಷ್ಟ್ರು ಫೈಲು ಮುಚ್ಚಿ ದಾರ ಕಟ್ಟುವ ತನಕ.

"ಹಾಗಾದ್ರೆ ಇದು ಬರೀ ರಿಪೇರಿ," ಅಂದರು ಅವರು. ಕುಹಕವಿರಲಿಲ್ಲ, ಬಹಳ ಸುಸ್ತಾದವರ ಹಾಗೆ ಹೇಳಿದರು. ತಿಂಗಳಿಂದ ಕಟ್ಟಿದ ಮನೆ ಕುಸಿದರೆ ಯಾರಿಗಾದರೂ ಸುಸ್ತಾಗುತ್ತದೆ.

ಗೌಡರು ಡಿಕ್ಕಿ ಮುಚ್ಚಿ ಜೀಪು ಹತ್ತಿದರು. ಅವರು ಮತ್ತೆ ಬಂದದ್ದು ಎರಡು ವಾರ ಬಿಟ್ಟು, ಒಬ್ಬರೇ. ಜೀಪಿನ ಹಿಂದೆ ಗೋಣಿ ಸುತ್ತಿದ ಎರಡು ದೊಡ್ಡ ವಸ್ತು ಇದ್ದವು. ನೋಡಿದ ಕೂಡಲೇ ನನಗೆ ಗೊತ್ತಾಯಿತು. ದುಂಡನೆಯ ಮಡ್‌ಗಾರ್ಡುಗಳು. ಎಲ್ಲೋ ಗುಜರಿಯಲ್ಲಿ ಬಿದ್ದಿದ್ದ ಲ್ಯಾಂಡ್‌ಮಾಸ್ಟರಿನದು.

"ಸಾಬ್ರೇ, ಬೇಜಾರ್ ಮಾಡ್ಕಬೇಡಿ," ಅಂದರು ಅವರು, ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆಯುತ್ತಾ. "ಮೈಸೂರಲ್ಲಿ ಹಳೇ ಕಾರಿನ ಪ್ರದರ್ಶನ ಐತೆ. ಒರಿಜಿನಲ್ ಇಲ್ದಿದ್ರೆ ಒಳಗೇ ಬಿಟ್ಕಳಲ್ವಂತೆ. ನಾನೂ ಎರಡು ವಾರ ಯೋಚನೆ ಮಾಡ್ದೆ. ಕಟ್ ಮಾಡಿ ಇದನ್ನ ಕೂರಿಸ್ಬುಡಿ. ಬೇರೆಯೋರ ಕೈಗೆ ಕೊಟ್ರೆ ಗ್ಯಾಸ್ ಹಚ್ಚಿ ಸುಟ್ ಹಾಕ್ಬುಡ್ತಾರೆ. ನಿಮ್ಮ ಅಬ್ಬಂದು ಅಂತ ಗೊತ್ತಾದ್ ಮೇಲೆ ನೀವೇ ತೆಗೆಯೋದು ಮರ್ಯಾದೆ ಅಲ್ವಾ?"

ಒಳ್ಳೆಯ ಮನುಷ್ಯರು ಗೌಡರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲಿಕ್ಕೂ ನನಗೆ ಆಗಲಿಲ್ಲ. ಇಟಲಿಯವನ ಕೆಲಸವಾಗಿದ್ದರೆ ಉಳಿಯುತ್ತಿತ್ತು. ನಮ್ಮ ಅಬ್ಬನದು ಅಂತ ಆದದ್ದರಿಂದ ಹೋಗಬೇಕಾಯಿತು. ಅಬ್ಬನದು ಅಂತ ಹೇಳಿದವನು ನಾನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಇಟ್ಟೋಗಿ ಗೌಡ್ರೇ, ಮಾಡ್ತೀನಿ," ಅಂದೆ. ಆಗುವುದಿಲ್ಲ ಅನ್ನಲು ಒಂದು ಶಕ್ತಿ ಬೇಕು, ಅದು ನನ್ನಲ್ಲಿ ಉಳಿದಿರಲಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದೆ. "ಕತ್ತರಿಸಿದ್ದನ್ನ ಮನೆಗಂತೂ ತರಬ್ಯಾಡ್ರಿ, ಇಲ್ಲಿ ಜಾಗ ಇಲ್ಲ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಮಾವ ಇದ್ದಿದ್ರೆ ಏನಂತಿದ್ರು?" ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಗೊತ್ತಿತ್ತು. ನಿನ್ನನ್ನು ಯಾರು ಬಾಯಿ ಬಿಡು ಅಂದರು ಅಂತ ಬೈಯುತ್ತಿದ್ದ.

ಸೋಮವಾರ ಎಡಗಡೆಯದಕ್ಕೆ ಗ್ರೈಂಡರ್ ಇಟ್ಟೆ. ಬೇಗ ಮುಗಿಸಿಬಿಡಬೇಕು, ನೋಡಬಾರದು, ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು. ಒಂದು ಗಂಟೆಯಲ್ಲಿ ಅದು ನಾಲ್ಕು ತುಂಡಾಗಿ ಕೆಳಗೆ ಬಿದ್ದಿತ್ತು. ಆಮೇಲೆ ಅಂಚು ಒರೆಸುತ್ತಿದ್ದಾಗ ಕೈ ನಿಂತಿತು. ಬಾಗಿಲಿನ ಹಿಂದೆ, ಡಿಕ್ಕಿಯ ಪಕ್ಕ, ಕಾರಿನ ಹಳೆಯ ಅಂಚು ಹಾಗೇ ಇತ್ತು. ಅಬ್ಬ ಅದನ್ನು ಕತ್ತರಿಸಿರಲಿಲ್ಲ, ನನಗದು ಮರೆತೇ ಹೋಗಿತ್ತು. ನಜ್ಜಾದ ಭಾಗ ಮಾತ್ರ ತೆಗೆದು, ಕಂಪನಿಯವನು ಮಾಡಿದ್ದ ಅಂಚಿನ ಮೇಲೆ ತನ್ನ ತಗಡನ್ನು ಮಡಿಸಿ ಕೂರಿಸಿ, ಸಂದು ಕಾಣದಿರಲಿ ಅಂತ ಮೇಲೆ ಸೀಸ ಕರಗಿಸಿ ಸವರಿದ್ದ. ಮುಂದೆ ಯಾವತ್ತಾದರೂ ಸರಿಯಾದ ಮಡ್‌ಗಾರ್ಡು ಸಿಕ್ಕಿದರೆ ತನ್ನದನ್ನು ಬಿಚ್ಚಿ ಅದನ್ನು ಹಾಕಲಿ ಅಂತ. ಬಿಚ್ಚಲು ಬರುವ ಹಾಗೆ ಮಾಡಿದ್ದನ್ನು ನಾನು ಬಿಚ್ಚದೆ ಕೊಯ್ದು ಹಾಕಿದ್ದೆ.

ಗ್ರೈಂಡರಿನ ಪ್ಲಗ್ ಕಿತ್ತೆ. ಬಲಗಡೆಯದಕ್ಕೆ ಉಳಿ ಮತ್ತು ಸಣ್ಣ ಸುತ್ತಿಗೆ ತೆಗೆದುಕೊಂಡು ನೆಲದ ಮೇಲೆ ಕೂತೆ. ಸೀಸ ಕಾಯಿಸಿ ಇಳಿಸಿ, ಮಡಿಕೆಯನ್ನು ಇಂಚಿಂಚೇ ಬಿಡಿಸಿದೆ. ಮೂರು ದಿನ ಹಿಡಿಯಿತು. ರೆಸಾರ್ಟಿನವರ ಬಂಪರುಗಳು ಹೊರಗೆ ಕಾದವು, ಅವರ ಫೋನು ಎತ್ತಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅದು ಪೂರ್ತಿಯಾಗಿ, ಒಂದು ಗೀರೂ ಬೀಳದೆ ಕೈಗೆ ಬಂತು. ನಾನು ಅಂದುಕೊಂಡದ್ದಕ್ಕಿಂತ ಹಗುರವಾಗಿತ್ತು. ಶೆಡ್ಡಿನ ಗೋಡೆಗೆ ಎರಡು ಮೊಳೆ ಹೊಡೆದು ತೂಗು ಹಾಕಿದೆ. ಎಡಗಡೆಯದರ ನಾಲ್ಕು ತುಂಡನ್ನು ಗುಜರಿಗೆ ಹಾಕಲು ಮನಸ್ಸಾಗದೆ ಕೆಳಗಿನ ಪೆಟ್ಟಿಗೆಯಲ್ಲಿ ಇಟ್ಟೆ.

ದುಂಡನೆಯವು ಹಳೆ ಅಂಚಿಗೆ ಸರಿಯಾಗಿ ಕೂತವು. ಅಬ್ಬ ಉಳಿಸಿಟ್ಟದ್ದಕ್ಕೆ ನನಗೆ ಹೊಂದಿಸುವ ಕಷ್ಟವೇ ಬರಲಿಲ್ಲ. ವೆಲ್ಡಿಂಗ್ ಮಾಡಿ, ಸೀಸ ಸವರಿ, ಉಜ್ಜಿ, ಕೆನೆಬಣ್ಣ ಹೊಡೆದೆ. ಏರುಪೇರು ಮುಚ್ಚಿಹಾಕುವ ಪುಟ್ಟಿ ಮುಟ್ಟಲಿಲ್ಲ. ಬಹಳ ವರ್ಷದ ಮೇಲೆ ನಾನು ಮಾಡಿದ ಸರಿಯಾದ ಕೆಲಸ ಅದು.

ಭಾನುವಾರ ಮೂವರೂ ಬಂದರು. ಮೇಷ್ಟ್ರು ಫೈಲು ಬಿಚ್ಚಿ ಒಂದೊಂದನ್ನೇ ಚಿತ್ರದ ಜೊತೆ ಹೋಲಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. "ನೂರಕ್ಕೆ ನೂರು ಒರಿಜಿನಲ್," ಅಂದರು. ಆದರೆ ಆ ದಿನ ಚರ್ಚೆ ಏಳಲಿಲ್ಲ. ಗೆರೆ, ಧೈರ್ಯ, ಸ್ವಭಾವ, ಯಾವುದೂ ಬರಲಿಲ್ಲ. ಕಾಫಿ ಕುಡಿದರು, ಲೋಟ ಕೆಳಗಿಟ್ಟರು. ಗೌಡರು ಕಾರಿನ ಹಿಂದೆ ಹೋಗಿ ನಿಂತು ತಲೆ ಓರೆ ಮಾಡಿ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದರು.

"ಸಾಬ್ರೇ, ಎಲ್ಲಾ ಸರಿಯಾಗೇ ಐತೆ. ಆದ್ರೂ ಏನೋ ಕಮ್ಮಿ ಆದಂಗೆ ಕಾಣ್ತದಲ್ಲ?"

ಡಾಕ್ಟರು ಗೋಡೆಯ ಮೇಲಿನ ರೆಕ್ಕೆಯನ್ನು ನೋಡಿದರು, ನನ್ನನ್ನು ನೋಡಿದರು, ಚಪ್ಪಲಿಯ ಮಣ್ಣು ಕೆರೆಯತೊಡಗಿದರು. ಮೇಷ್ಟ್ರು ಫೈಲಿನಿಂದ ತಲೆ ಎತ್ತಲಿಲ್ಲ. ಹೇಳಬೇಕಾದದ್ದು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಒಮ್ಮೆ ಹೇಳಿ ಕೆಟ್ಟಿದ್ದು ಸಾಕು ಅನ್ನಿಸಿ ನುಂಗಿಕೊಂಡೆ.

"ಒರಿಜಿನಲ್ ಇರೋದೇ ಹಂಗೆ ಗೌಡ್ರೇ," ಅಂದೆ. "ಕಣ್ಣು ಮುಚ್ಕಳಿ. ಎಡಗೈ ಇಲ್ಲಿಡಿ. ಹಂಗೇ ಹಿಂದಕ್ಕೆ ಆಡಿಸ್ಕಂಡು ಹೋಗಿ. ಎಲ್ಲಿ ಕಂಪನೀದು, ಎಲ್ಲಿಂದ ಬೇರೆಯೋರದ್ದು, ಹೇಳಿ ನೋಡಾಣ."

ಗೌಡರು ಕಣ್ಣು ಮುಚ್ಚಿ ಬಾಗಿಲಿನಿಂದ ದೀಪದವರೆಗೆ ಕೈ ಆಡಿಸಿದರು. ಮತ್ತೆ ವಾಪಸು ಬಂದರು. ಇನ್ನೊಂದು ಸಲ ಹೋದರು.

"ಇಲ್ಲ ಕಣ್ರೀ," ಅಂದರು. "ಯಾರ್ ಕೈ ಆಡಿದ್ದೂ ಗೊತ್ತಾಗ್ತಿಲ್ಲ."

ನಾನು ಕೀಲಿಯನ್ನು ಅವರ ಕೈಗೆ ಕೊಟ್ಟೆ.